ಜೋಡಿ ತಪ್ಪಿದ ದುರ್ಬೀನು

ಅಟ್ಟದ ಮೇಲಿದ್ದ ರಟ್ಟಿನ ಪೆಟ್ಟಿಗೆಯನ್ನು ನಾನು ಬೀಳಿಸಿದೆನೋ ಇಲ್ಲವೋ ಎಂಬುದು ನನಗೇ ಗೊತ್ತಿರಲಿಲ್ಲ. ಇಳಿಸಿದ್ದು ಹೌದು, ಧೂಳು ಒರೆಸಿದ್ದು ಹೌದು, ಮತ್ತೆ ಮೇಲಿಡುವಾಗ ಸ್ಟೂಲು ಗಡಗಡ ಅಂದದ್ದೂ ಹೌದು. ಬೀಳಿಸಿದ ನೆನಪು ಮಾತ್ರ ಇರಲಿಲ್ಲ. ಆದರೆ ನನ್ನ ಗಂಡ ಕೂತಲ್ಲಿ ನಿಂತಲ್ಲಿ "ನೀನೇ ಬೀಳಿಸಿದ್ದು" ಎಂದು ಹೇಳಿ ಹೇಳಿ, ಪೆಟ್ಟಿಗೆ ನೆಲಕ್ಕೆ ಬಡಿದ ಸದ್ದು ಕೂಡ ನನ್ನ ಕಿವಿಗೆ ಕೇಳಿದ ಹಾಗೆ ಆಗತೊಡಗಿತ್ತು. ಹೇಳಿದ್ದನ್ನೇ ಹೇಳುತ್ತಿದ್ದರೆ ಯಾರ ತಲೆಯಾದರೂ ಕೆಡುತ್ತದೆ.

ಪೆಟ್ಟಿಗೆಯಲ್ಲಿದ್ದದ್ದು ಮೂರು ಹಳೆಯ ದುರ್ಬೀನುಗಳು. ಇವರು ಹೊಟ್ಟೆಪಾಡಿಗೆ ಓಡಿಸುವುದು ಊರೊಳಗಿನ ಬಸ್ಸು. ಬಿಡುವಾದಾಗ ಮಾಡುವುದು ಹಳೆಯ ದುರ್ಬೀನು ಹುಡುಕಿ ತಂದು, ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವ ಕೆಲಸ. ಇದೇ ಹುಚ್ಚು ಹತ್ತಿದವರು ಇನ್ನಿಬ್ಬರಿದ್ದಾರೆ. ಒಬ್ಬರು ನಮ್ಮ ಬೀದಿಯ ಕೊನೆಯಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರು. ಇನ್ನೊಬ್ಬರು ಜಮೀನು ಅಳೆದು ಅಳೆದು ನಿವೃತ್ತರಾದ ಸರ್ವೆಯರ್. ಅವರನ್ನು ನಾವು ಸರ್ವೆ ಮಾವ ಎನ್ನುತ್ತೇವೆ. ಲೋಕದಲ್ಲಿ ದುರ್ಬೀನು ಇಟ್ಟುಕೊಂಡವರು ಹಕ್ಕಿ ನೋಡುತ್ತಾರೆ, ಚಂದ್ರನನ್ನು ನೋಡುತ್ತಾರೆ, ಏನೂ ಇಲ್ಲದಿದ್ದರೆ ಪಕ್ಕದ ಮನೆಯನ್ನಾದರೂ ನೋಡುತ್ತಾರೆ. ಈ ಮೂವರು ದುರ್ಬೀನಿನಲ್ಲಿ ನೋಡುವುದು ದುರ್ಬೀನನ್ನೇ.

ಅವರ ಬಾಯಲ್ಲಿ ಸದಾ ಇರುವ ಮಾತು 'ಜೋಡಿ'. ದುರ್ಬೀನಿನ ಎರಡು ಕೊಳವೆಗಳೂ ಒಂದೇ ದಿಕ್ಕಿಗೆ ನೋಡುತ್ತಿರಬೇಕು. ಒಂದು ಕೂದಲೆಳೆಯಷ್ಟು ಅತ್ತ ತಿರುಗಿದರೂ ಎಡಗಣ್ಣಿಗೆ ಕಂಡದ್ದು ಬಲಗಣ್ಣಿಗೆ ಕಂಡದ್ದರ ಮೇಲೆ ಕೂರುವುದಿಲ್ಲ, ಒಂದು ಕಂಬ ಎರಡಾಗುತ್ತದೆ. ಆಗ ಜೋಡಿ ತಪ್ಪಿದೆ ಎನ್ನುತ್ತಾರೆ. ದುರ್ಬೀನು ಎಲ್ಲಾದರೂ ಬಿದ್ದು, ಒಳಗಿನ ಗಾಜಿನ ಪ್ರಿಸಂ ಜರುಗಿದರೆ ಹೀಗಾಗುತ್ತದಂತೆ.

ಇದು ನನಗೆ ಅರ್ಥವಾಗದ ವಿಷಯವೇನಲ್ಲ. ನಾನಿರುವುದು ಬಣ್ಣದ ಮುದ್ರಣದ ಪ್ರೆಸ್ಸಿನಲ್ಲಿ. ನಾಲ್ಕು ಬಣ್ಣಗಳು ಒಂದರ ಮೇಲೊಂದು ನೆಟ್ಟಗೆ ಕೂತಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡುವುದಕ್ಕೇ ನನಗೆ ಸಂಬಳ. ಕೂರದಿದ್ದರೆ ಚಿತ್ರದಲ್ಲಿರುವ ಮಗುವಿಗೆ ತುಟಿಯ ಪಕ್ಕದಲ್ಲಿ ಇನ್ನೊಂದು ತುಟಿ ಬರುತ್ತದೆ. ಆಗ ಪ್ಲೇಟಿನವನು ತಪ್ಪನ್ನು ಕಾಗದದ ಮೇಲೆ ಹಾಕುತ್ತಾನೆ, ಕಾಗದದವನು ಪ್ಲೇಟಿನ ಮೇಲೆ ಹಾಕುತ್ತಾನೆ, ಕೊನೆಗೆ ಇಬ್ಬರೂ ಸೇರಿ ಮೆಷಿನ್ನಿನವನನ್ನು ಬೈಯುತ್ತಾರೆ. ತಪ್ಪು ಯಾರದೆಂದು ನನಗೆ ಒಮ್ಮೆಯೂ ತಿಳಿದಿಲ್ಲ.

ಅಟ್ಟ ಗುಡಿಸಿದ ಮೇಲೆ ಒಂದು ಸಂಜೆ ಇವರು ತಮ್ಮ ಅಚ್ಚುಮೆಚ್ಚಿನ ದುರ್ಬೀನು ಹಿಡಿದು ತಾರಸಿಗೆ ಹೋದರು. ಇಳಿದು ಬಂದಾಗ ಮುಖ ಗಂಟಿಕ್ಕಿಕೊಂಡಿದ್ದರು.

"ಊರ ತುದಿ ನೀರಿನ ಟ್ಯಾಂಕ್ ಎರಡು ಕಾಣ್ತಿದೆ. ಏನ್ ಮಾಡಿದೆ ಇದಕ್ಕೆ?"

"ಒರೆಸಿ ಇಟ್ಟೆ. ಇನ್ನೇನ್ ಮಾಡ್ಲಿ?"

"ಬೀಳಿಸಿದೀಯ."

ಉಳಿದೆರಡನ್ನೂ ತೆಗೆದುಕೊಂಡು ಹೋಗಿ ನೋಡಿದರು. ಅವುಗಳಲ್ಲೂ ಟ್ಯಾಂಕು ಎರಡು. ಮೂರೂ ಒಟ್ಟಿಗೆ ಕೆಟ್ಟಿವೆ ಎಂದಮೇಲೆ ಪೆಟ್ಟಿಗೆಯೇ ಬಿದ್ದಿದೆ, ಪೆಟ್ಟಿಗೆ ಮುಟ್ಟಿದವಳು ನಾನು. ಪೊಲೀಸರು ಕೂಡ ಇಷ್ಟು ಬೇಗ ಕೇಸು ಮುಗಿಸುವುದಿಲ್ಲ.

ಟೀವಿ ಮುಂದೆ ಕೂತಿದ್ದ ನಮ್ಮತ್ತೆ ಮಗನ ಕಡೆ ತಿರುಗದೆಯೇ ಹೇಳಿದರು. "ಹೋಗ್ಲಿ ಬಿಡೋ. ಒಂದರ ಜಾಗದಲ್ಲಿ ಎರಡು ಕಂಡ್ರೆ ನಿನಗೇನು ನಷ್ಟ?"

ಭಾನುವಾರ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಕ್ಲಿನಿಕ್ಕಿಗೆ ಹೋದರು. ಡಾಕ್ಟರ ಪದ್ಧತಿ ಹೀಗೆ: ಹಲ್ಲು ಕೀಳುವ ಕುರ್ಚಿಯ ತಲೆದಿಂಬಿಗೆ ದುರ್ಬೀನನ್ನು ಬಿಗಿದು, ಎರಡು ಕೊಳವೆಗಳ ಒಳಗೂ ಸಣ್ಣ ಕೆಂಪು ಕಿರಣ ಹಾಯಿಸಿ, ಎದುರಿನ ಬಿಳಿ ಗೋಡೆಯ ಮೇಲೆ ಎರಡು ಚುಕ್ಕೆಗಳು ಎಲ್ಲಿ ಬೀಳುತ್ತವೆ ಎಂದು ಅಳೆಯುವುದು. ನಡುವಿನ ಕೀಲನ್ನು ಅಗಲ ಮಾಡಿ, ಕಿರಿದು ಮಾಡಿ, ಪ್ರತಿ ಸಲವೂ ಅಳೆಯುತ್ತಾರೆ. ಅಳೆದವರು ಮೂರೂ ಸರಿಯಾಗಿವೆ ಎಂದುಬಿಟ್ಟರಂತೆ. ಇವರು ದುರ್ಬೀನನ್ನು ಸ್ಟೀರಿಂಗ್ ಹಿಡಿದ ಹಾಗೆ ಹಿಡಿಯುವುದರಿಂದ ಎರಡು ಕಾಣುತ್ತಿದೆ ಎಂಬುದು ಅವರ ತೀರ್ಪು.

ಸರ್ವೆ ಮಾವ ಇದನ್ನು ಒಪ್ಪುವವರೇ?

"ನಿಮ್ಮ ಗೋಡೆಗೆ ಕಣ್ಣಿದ್ಯಾ ಡಾಕ್ಟ್ರೇ? ನೋಡೋನು ಮನುಷ್ಯ. ಗೋಡೆ ಇರೋದು ಮೂಗಿನ ಮುಂದೆ, ಅದರಲ್ಲಿ ಏನ್ ಗೊತ್ತಾಗುತ್ತೆ? ದೂರದ್ದು ನೋಡಿ ಕೂಡಿಸ್ಬೇಕು ಜೋಡೀನ."

ಅವರ ವಾದವೇ ಬೇರೆ. ಪ್ರತಿಯೊಬ್ಬರಿಗೂ ಎರಡು ಕಣ್ಣಿನ ನಡುವಿನ ಅಂತರ ಬೇರೆ. ಬಿದ್ದ ದುರ್ಬೀನಿನ ಕೀಲು ಸೊಟ್ಟಗಾಗಿರುತ್ತದೆ. ಅದು ಒಬ್ಬರ ಅಗಲಕ್ಕೆ ಸರಿ ಕಂಡರೆ ಇನ್ನೊಬ್ಬರ ಅಗಲಕ್ಕೆ ಎರಡಾಗಿ ಕಾಣುತ್ತದೆ. ಆದ್ದರಿಂದ ಯಾರ ದುರ್ಬೀನೋ ಅವರ ಕಣ್ಣಿಗೇ ಕೂಡಿಸಬೇಕು. ಹೀಗೆಂದು ಸರ್ವೆ ಮಾವ ಇವರನ್ನು ನಮ್ಮ ತಾರಸಿಗೆ ಹತ್ತಿಸಿ, ಟ್ಯಾಂಕಿನ ಕಡೆ ನಿಲ್ಲಿಸಿ, ಅಚ್ಚುಮೆಚ್ಚಿನ ದುರ್ಬೀನಿನ ಪಕ್ಕದ ಸ್ಕ್ರೂವನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿದರು. ಒಂದು ಹಂತದಲ್ಲಿ ಇವರು "ಬಂತು, ಬಂತು, ಒಂದೇ ಟ್ಯಾಂಕು!" ಎಂದು ಕುಣಿದಾಡಿಬಿಟ್ಟರು. ಕೆಳಗೆ ಪಾತ್ರೆ ತೊಳೆಯುತ್ತಿದ್ದ ನನಗೂ ಕೇಳಿಸಿತು. ಇನ್ನಾದರೂ ನನ್ನ ಮೇಲಿನ ಕೇಸು ಬಿದ್ದುಹೋಗುತ್ತದೆ ಎಂದುಕೊಂಡೆ. ಎಲ್ಲಿ? ರಿಪೇರಿಯಾಯಿತು ಎಂದರೆ ಕೆಟ್ಟಿತ್ತು ಎಂದಾಯಿತು, ಕೆಟ್ಟಿತ್ತು ಎಂದರೆ ನಾನೇ ಕೆಡಿಸಿದ್ದು ಎಂದಾಯಿತು.

ಆ ಮೇಲೆ ನಡೆದದ್ದನ್ನು ನೆನೆದರೆ ಈಗಲೂ ತಲೆ ಗಿರ್ ಎನ್ನುತ್ತದೆ. ಸರ್ವೆ ಮಾವ ಕೂಡಿಸಿದ ದುರ್ಬೀನನ್ನು ಡಾಕ್ಟರು ತಮ್ಮ ಗೋಡೆಗೆ ಹಿಡಿದರು. ಚುಕ್ಕೆಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬಿದ್ದವು. "ಇದನ್ನ ಕೊಂದುಹಾಕಿದ್ದಾರೆ" ಎಂದು ಮತ್ತೆ ಮೊದಲಿನ ಹಾಗೆ ಮಾಡಿ ಕಳಿಸಿದರು. ಇವರಿಗೆ ಮತ್ತೆ ಎರಡು ಟ್ಯಾಂಕು. ಮತ್ತೆ ಸರ್ವೆ ಮಾವ, ಮತ್ತೆ ಸ್ಕ್ರೂ, ಮತ್ತೆ ಒಂದು ಟ್ಯಾಂಕು. ಆದರೆ ಈ ಸಲ ವಾರ ಕಳೆಯುವುದರೊಳಗೆ ಟ್ಯಾಂಕು ತಾನಾಗಿಯೇ ಎರಡಾಯಿತು. ಡಾಕ್ಟರು ಕದ್ದು ತಿರುಗಿಸಿದ್ದಾರೆ ಎಂದು ಸರ್ವೆ ಮಾವ, ಸರ್ವೆಯವರು ತಿರುಗಿಸಿದ ಸ್ಕ್ರೂ ನಿಲ್ಲುವುದೇ ಇಲ್ಲ ಎಂದು ಡಾಕ್ಟರು. ಕೊನೆಗೆ ಇಬ್ಬರ ನಡುವೆ ಮಾತೇ ನಿಂತುಹೋಯಿತು. ನಾನು ಪ್ರೆಸ್ಸಿಗೆ ಹೋಗುವಾಗ ಡಾಕ್ಟರು ಕ್ಲಿನಿಕ್ಕಿನ ಬಾಗಿಲಿಗೆ ಬಂದು, "ಅವರಿಗೆ ಹೇಳಿ, ಜಮೀನು ಅಳೆಯೋದು ಬೇರೆ, ಬೆಳಕು ಅಳೆಯೋದು ಬೇರೆ" ಎನ್ನುತ್ತಿದ್ದರು. ಸರ್ವೆ ಮಾವ ತರಕಾರಿ ಅಂಗಡಿಯಲ್ಲಿ ಸಿಕ್ಕಿ, "ನೋಡಮ್ಮ, ಆ ಡಾಕ್ಟ್ರಿಗೆ ಹೇಳು, ಇದು ದವಡೆ ಹಲ್ಲಲ್ಲ, ಕಿತ್ತು ಬೇರೆ ಕಟ್ಟೋಕೆ" ಎನ್ನುತ್ತಿದ್ದರು. ಇಬ್ಬರೂ ಓದಿದವರು, ಇಬ್ಬರೂ ಅಳತೆಯವರು. ಒಬ್ಬರ ಮಾತು ಕೇಳುವಾಗ ಅದೇ ಸರಿ ಎನಿಸುತ್ತಿತ್ತು, ಇನ್ನೊಬ್ಬರ ಮಾತು ಕೇಳುವಾಗ ಅದೂ ಸರಿ ಎನಿಸುತ್ತಿತ್ತು.

ಈ ಗಲಾಟೆಯ ನಡುವೆ ಡಿಪೋದಲ್ಲಿ ಡ್ರೈವರುಗಳ ಕಣ್ಣಿನ ಪರೀಕ್ಷೆ ಬಂತು. ಅದರಲ್ಲಿ ಸೋತವರನ್ನು ಸ್ಟೀರಿಂಗಿನಿಂದ ಇಳಿಸಿ ಟಯರ್ ಗೋದಾಮಿಗೆ ಹಾಕುತ್ತಾರೆ. ಇವರ ಜೊತೆಗೇ ಕೆಲಸಕ್ಕೆ ಸೇರಿದ ಗೆಳೆಯರೊಬ್ಬರನ್ನು ಹಾಗೆ ಹಾಕಿದ್ದರು. ಹಬ್ಬದೂಟಕ್ಕೆ ಕರೆದರೂ ಬರದ ಹಾಗೆ ಆ ಮನುಷ್ಯ ಮಂಕಾಗಿಬಿಟ್ಟಿದ್ದರು. ಬಸ್ಸಿನಿಂದ ಇಳಿಸಿದರೆ ಇವರು ಹೇಗಿರುತ್ತಾರೆ ಎಂದು ನಾನು ಯೋಚಿಸಲೂ ಹೋಗುವುದಿಲ್ಲ. ರಜೆಯ ದಿನ ಕೂಡ ಊಟಕ್ಕೆ ಕೂತಾಗ ಬಲಗಾಲು ಬ್ರೇಕ್ ಒತ್ತುತ್ತಿರುತ್ತದೆ.

ಪರೀಕ್ಷೆ ಮುಗಿಸಿ ಬಂದವರ ಎದೆ ಉಬ್ಬಿತ್ತು. "ಎರಡೂ ಕಣ್ಣು ಫಸ್ಟ್ ಕ್ಲಾಸ್ ಅಂದ್ರು. ಕೊನೇ ಸಾಲಿನ ಅಕ್ಷರಾನೂ ಓದಿದೆ. ನೋಡಿದ್ಯಾ, ದೋಷ ಇರೋದು ದುರ್ಬೀನಲ್ಲೇ."

ಅದಾದ ಮೇಲೆ ನನಗೆ ಒಳಗೊಳಗೇ ಇದ್ದ ಒಂದು ಸಣ್ಣ ಅನುಮಾನವೂ ಹೊರಟುಹೋಯಿತು. ಕಣ್ಣು ಸರಿಯಿದೆ ಎಂದು ಸರಕಾರವೇ ಹೇಳಿದೆ. ಹಾಗಾದರೆ ನಾನು ಬೀಳಿಸಿದ್ದೇ ನಿಜ. ಆ ದಿನ ಸಂಜೆ ಅಟ್ಟದ ಕೆಳಗೆ ನಿಂತು ನೆಲದಲ್ಲಿ ಎಲ್ಲಾದರೂ ಪೆಟ್ಟು ಬಿದ್ದ ಗುರುತಿದೆಯೇ ಎಂದು ಹುಡುಕಿದೆ. ಒಂದು ಟೈಲ್ಸ್ ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಮೊದಲೇ ಬಿಟ್ಟಿತ್ತೋ ಆಮೇಲೆ ಬಿಟ್ಟಿತೋ ಯಾರಿಗೆ ಗೊತ್ತು?

"ಏನ್ ಹುಡುಕ್ತಿದೀಯ?" ಎಂದು ಅತ್ತೆ ಕೇಳಿದರು. ಹೇಳಿದೆ. ಅವರು ಟೀವಿಯ ಸದ್ದು ತಗ್ಗಿಸಿದರು.

"ಅವನು ಈಗೀಗ ಟೀವಿ ನೋಡುವಾಗ ಮುಖ ಬಲಗಡೆ ತಿರುಗಿಸ್ಕೊಂಡು ಓರೆಯಾಗಿ ನೋಡ್ತಾನೆ, ಗಮನಿಸಿದೀಯಾ?"

"ಕತ್ತು ಹಿಡಿದಿದೆ ಅಂದ್ರು, ಅತ್ತೆ."

"ಚಿಕ್ಕವನಿದ್ದಾಗ ಸುಳ್ಳು ಹೇಳುವಾಗ ಹಂಗೆ ತಿರುಗಿಸ್ತಿದ್ದ," ಎಂದು ಅವರು ಮತ್ತೆ ಟೀವಿಯ ಕಡೆ ತಿರುಗಿದರು.

ಮುಂದಿನ ಭಾನುವಾರ ನಾನೇ ಹೊರಟೆ. ಬೀಳಿಸಿದ್ದರೆ ಬೀಳಿಸಿದ್ದೇನೆ ಎಂದು ಬರೆದುಕೊಡುತ್ತೇನೆ, ಇಲ್ಲದಿದ್ದರೆ ಮೂವರೂ ನನ್ನ ಮುಂದೆ ಒಪ್ಪಬೇಕು ಎಂದು ಹಟ ಹಿಡಿದು, ದುರ್ಬೀನಿನ ಚೀಲ ಹಿಡಿದು, ಇವರನ್ನೂ ಸರ್ವೆ ಮಾವನನ್ನೂ ಮನೆಯಿಂದ ಎಬ್ಬಿಸಿಕೊಂಡು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಮತ್ತು ಸರ್ವೆ ಮಾವ ಒಬ್ಬರನ್ನೊಬ್ಬರು ನೋಡದ ಹಾಗೆ ಎರಡು ಮೂಲೆಗಳಲ್ಲಿ ನಿಂತರು. ಇವರು ಹಲ್ಲಿನ ಕುರ್ಚಿಯಲ್ಲಿ ಒರಗಿದರು.

ಕಿಟಕಿಯಿಂದ ಟ್ಯಾಂಕು ಕಾಣುತ್ತಿತ್ತು. ಮೊದಲು ತೆಗೆದದ್ದು ಸರ್ವೆ ಮಾವ ಹಿಂದಿನ ದಿನವಷ್ಟೇ ಕೂಡಿಸಿದ ಅಚ್ಚುಮೆಚ್ಚಿನ ದುರ್ಬೀನು. ಇವರು ನೋಡಿ "ಒಂದು" ಎಂದರು. ಡಾಕ್ಟರು ನೋಡಿ "ಎರಡು, ಅದೂ ಮಾರುದ್ದ ಅಂತರ" ಎಂದರು. ಸರ್ವೆ ಮಾವ ತಾವೇ ನೋಡಿ, "ನನಗೂ ಎರಡೇ. ಎರಡೇ ಕಾಣ್ಬೇಕು. ನಮ್ಮ ಕಣ್ಣಿನ ಅಗಲ ಬೇರೆ, ಅವನದು ಬೇರೆ. ಇದನ್ನೇ ಅಲ್ವಾ ನಾನು ಬಡ್ಕೋತಿರೋದು?" ಎಂದರು.

"ಅಗಲಾನ ಅಳೆದಿದೀರಾ?" ಡಾಕ್ಟರು ಗೋಡೆಯನ್ನು ಕೇಳಿದರು.

"ಕಣ್ಣಳತೇಲೇ ಗೊತ್ತಾಗುತ್ತೆ," ಸರ್ವೆ ಮಾವ ಕಿಟಕಿಗೆ ಉತ್ತರ ಕೊಟ್ಟರು.

ಡಾಕ್ಟರು ಹಲ್ಲು ಅಳೆಯುವ ಸಣ್ಣ ಅಳತೆಪಟ್ಟಿ ತಂದು ಇವರ ಕಣ್ಣಿನ ಅಂತರ ಅಳೆದರು. ತಮ್ಮದನ್ನು ಅಳೆಸಿಕೊಂಡರು, ಸರ್ವೆ ಮಾವನದನ್ನು ಅಳೆದರು. ಅವರಿಬ್ಬರದೂ ನಿಜವಾಗಿಯೂ ಕಿರಿದು. ಸರ್ವೆ ಮಾವ ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ನಾನು ನಡುವೆ ಸುಮ್ಮನೆ ನಿಂತಿದ್ದೆನಲ್ಲ, ಡಾಕ್ಟರು ಆ ಪಟ್ಟಿಯನ್ನು ನನ್ನ ಮೂಗಿನ ಮೇಲೂ ಇಟ್ಟರು. ನನ್ನ ಅಗಲವೂ ಇವರ ಅಗಲವೂ ಒಂದೇ.

"ಕೀಲು ಮುಟ್ಟಬೇಡಿ. ನಿಮ್ಮ ಯಜಮಾನ್ರ ಅಗಲಕ್ಕೇ ಇಟ್ಟಿದೀನಿ, ಹಾಗೇ ನೋಡಿ," ಎಂದರು.

ನೋಡಿದೆ. ಒಂದು ಟ್ಯಾಂಕು, ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು ಟ್ಯಾಂಕು. ಎರಡರ ಏಣಿಗಳೂ ನಿಚ್ಚಳವಾಗಿದ್ದವು. ಕಣ್ಣು ಎಳೆದ ಹಾಗಾಯಿತು.

"ಎರಡು," ಎಂದೆ.

ಡಾಕ್ಟರು ಚೀಲದಿಂದ ಬೇರೆ ದುರ್ಬೀನು ತೆಗೆದು ಕೊಟ್ಟರು. ಅದು ಯಾರೂ ಸ್ಕ್ರೂ ಮುಟ್ಟದ ದುರ್ಬೀನು. ನನಗೆ ಒಂದೇ ಟ್ಯಾಂಕು ಕಂಡಿತು. ಇವರಿಗೆ ಎರಡು.

ಸರ್ವೆ ಮಾವ ಕನ್ನಡಕ ತೆಗೆದು ಒರೆಸತೊಡಗಿದರು. ಆಮೇಲೆ ಮೊದಲ ಸಲ ಡಾಕ್ಟರ ಮುಖ ನೋಡಿ ಹೇಳಿದರು. "ಪ್ರತಿ ಸಲ ಒಂದೇ ಕಡೆಗೆ ತಿರುಗಿಸ್ತಿದ್ದೆ ಡಾಕ್ಟ್ರೇ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಜಾಸ್ತಿ ತಿರುಗಿಸ್ಬೇಕಾಗ್ತಿತ್ತು. ಪ್ರಿಸಂ ಜಾರ್ತಿದೆ ಅನ್ಕೊಂಡೆ."

"ಡಿಪೋದಲ್ಲಿ ಹೇಗೆ ಪರೀಕ್ಷೆ ಮಾಡಿದ್ರು?" ಡಾಕ್ಟರು ಇವರನ್ನು ಕೇಳಿದರು.

"ಹೇಗೆ ಅಂದ್ರೆ? ಎಲ್ಲಾ ಕಡೆ ಮಾಡೋ ಹಾಗೆ. ಒಂದು ಮುಚ್ಕೊಂಡು ಓದಿ, ಆಮೇಲೆ ಇನ್ನೊಂದು ಮುಚ್ಕೊಂಡು ಓದಿ."

"ಒಂದೊಂದೇ ಕೊಳವೆಯಲ್ಲಿ ನೋಡಿದ್ರೆ ಜೋಡಿ ತಪ್ಪಿರೋ ದುರ್ಬೀನೂ ಫಸ್ಟ್ ಕ್ಲಾಸೇ." ಡಾಕ್ಟರ ದನಿ ಮೆತ್ತಗಾಗಿತ್ತು. "ನನಗೆ ಹಲ್ಲು ಗೊತ್ತು, ಅಷ್ಟೇ. ಆದ್ರೆ ಕಣ್ಣು ತಿರುಗಿಸೋ ನರ ಸೋತ್ರೂ ಹೀಗಾಗುತ್ತೆ. ದೊಡ್ಡಾಸ್ಪತ್ರೆಗೆ ಹೋಗಿ. ನಾಳೆನೇ ಹೋಗಿ. ಅಲ್ಲೀವರೆಗೆ ಬಸ್ ಮುಟ್ಟಬೇಡಿ."

ಇವರು ಕುರ್ಚಿಯಿಂದ ಧಡಕ್ಕನೆ ಎದ್ದರು. "ನಿಮ್ಮ ಗೋಡೆ ಸರಿ ಅಂತ ಸಾಧಿಸೋಕೆ ನನ್ನ ಕಣ್ಣು ಕೆಡಿಸ್ಬೇಡಿ ಡಾಕ್ಟ್ರೇ!" ಎಂದವರೇ ದುರ್ಬೀನುಗಳನ್ನು ಅಲ್ಲೇ ಬಿಟ್ಟು ಹೊರಗೆ ನಡೆದರು.

ನಾನು ಹಿಂದೆ ಓಡಿದೆ. ಬಸ್ ಸ್ಟಾಪಿನ ಹತ್ತಿರ ನಿಂತಿದ್ದರು. ರಸ್ತೆಯ ಆ ತುದಿಯಿಂದ ಒಂದು ಬಸ್ಸು ಬರುತ್ತಿತ್ತು. ಇವರು ಮುಖವನ್ನು ಬಲಕ್ಕೆ ತಿರುಗಿಸಿಕೊಂಡು ಅದನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದರು.

"ರೀ, ಎಷ್ಟು ಬಸ್ ಬರ್ತಿದೆ?"

ಅವರು ಕತ್ತು ಉಜ್ಜಿಕೊಂಡರು.

"ನನ್ನಾಣೆ, ಹೇಳಿ."

"ಎಡಗಡೇದು ನಿಜ," ಎಂದರು. "ಬಲಗಡೇದು ಸುಳ್ಳು. ನನಗೆ ಅಭ್ಯಾಸ ಆಗಿದೆ ಕಣೇ. ಎಡಗಡೇದನ್ನ ನೋಡ್ಕೊಂಡು ಓಡಿಸ್ತೀನಿ."

ಸ್ಟಾಪಿನ ಕಂಬ ಹಿಡಿದುಕೊಂಡೆ. ಮೊದಲು ಬಂದದ್ದು ಸಿಟ್ಟೋ ಭಯವೋ ಹೇಳಲಾರೆ. ಆ ಬಸ್ಸಿನಲ್ಲಿ ಬೆಳಿಗ್ಗೆ ಹತ್ತುವ ಶಾಲೆಯ ಮಕ್ಕಳು, ಕೋಲು ಹಿಡಿದ ಮುದುಕಿಯರು, ಎಲ್ಲರೂ ಒಟ್ಟಿಗೆ ಕಣ್ಣ ಮುಂದೆ ಬಂದರು.

"ಯಾವಾಗಿಂದ?"

"ಮೊದಲು ದುರ್ಬೀನಲ್ಲಿ ಮಾತ್ರ ಇತ್ತು. ಆಮೇಲೆ ಸುಸ್ತಾದಾಗ ರಸ್ತೆಯಲ್ಲೂ ಬಂತು." ಅವರು ತಲೆ ತಗ್ಗಿಸಿದರು. "ದುರ್ಬೀನು ಸರಿಯಾದ್ರೆ ಇದೂ ಸರಿಯಾಗುತ್ತೆ ಅನ್ಕೊಂಡಿದ್ದೆ. ಹೆಂಗೆ ಅಂತ ಕೇಳಬೇಡ. ಹಂಗನ್ಕೊಂಡಿದ್ದೆ. ಪೆಟ್ಟಿಗೆ ನೀನು ಬೀಳಿಸಿಲ್ಲ."

ಇಷ್ಟು ದಿನ ಆ ಮಾತಿಗಾಗಿ ಕಾದಿದ್ದೆ. ಈಗ ಬೀಳಿಸಿದ್ದೇ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎನಿಸಿತು.

ನಾಳೆ ಆಸ್ಪತ್ರೆಗೆ ಹೋಗೋಣ ಎಂದಾಗ ಹೂಂ ಎಂದರು. ಆದರೆ ಬೆಳಿಗ್ಗೆ ನಾನು ಎದ್ದು ನೋಡುತ್ತೇನೆ, ಯೂನಿಫಾರಂ ಹಾಕಿ ತಲೆ ಬಾಚಿಕೊಳ್ಳುತ್ತಿದ್ದಾರೆ. ಇವತ್ತೊಂದು ದಿನ ಹೋಗಿ ಬರುತ್ತೇನೆ, ಪಾಳಿಗೆ ಬದಲಿ ಜನ ಇಲ್ಲ, ಮಧ್ಯಾಹ್ನ ಆಸ್ಪತ್ರೆಗೆ ಹೋದರಾಯಿತು ಎಂದರು. ಇವರ ಕೈಯಲ್ಲಿ ಕಣ್ಣು ಸರಿಯಿದೆ ಎಂಬ ಸರ್ಟಿಫಿಕೇಟಿದೆ. ನನ್ನ ಕೈಯಲ್ಲಿ ಏನಿದೆ? ಒಬ್ಬ ಹಲ್ಲಿನ ಡಾಕ್ಟರ ಮಾತು, ಒಂದು ಟ್ಯಾಂಕು. ಇದು ಕತ್ತಿನ ನೋವಿನಿಂದಲೇ ಆಗಿದ್ದು ನಾಲ್ಕು ದಿನಕ್ಕೆ ಹೋಗುವಂಥದ್ದಾದರೆ? ನಾನು ಬಾಯಿ ಬಿಟ್ಟರೆ ಇವರು ಟಯರ್ ಗೋದಾಮಿನಲ್ಲೇ ಮುದುಕರಾಗಬೇಕು. ಬಾಯಿ ಮುಚ್ಚಿಕೊಂಡರೆ? ನಿಂತಲ್ಲೇ ನಿಂತೆ. ಯಾವ ಕಡೆ ಯೋಚಿಸಿದರೂ ಅದರ ಎದುರಿನದೇ ಸರಿ ಎನಿಸುತ್ತಿತ್ತು.

ಇವರು ಚಪ್ಪಲಿ ಮೆಟ್ಟಲು ಕೂತರು. ನಾನು ಫೋನ್ ತೆಗೆದುಕೊಂಡು ಡಿಪೋಗೆ ಹಚ್ಚಿದೆ. ಪಾಳಿ ಹಂಚುವ ಕಂಟ್ರೋಲರ್ ಎತ್ತಿದರು.

"ಇವರು ಇವತ್ತು ಬರಲ್ಲ ಸಾರ್. ಇವರಿಗೆ ಒಂದು ಎರಡಾಗಿ ಕಾಣುತ್ತೆ."

"ಏನಮ್ಮಾ, ಮೊನ್ನೆ ತಾನೇ ಫಿಟ್ ಅಂತ ಬಂದಿದೆಯಲ್ಲ?"

"ಒಂದೊಂದು ಕಣ್ಣೂ ಫಿಟ್ ಸಾರ್. ಎರಡೂ ಸೇರಿದ್ರೆ ಇಲ್ಲ. ರಸ್ತೆಯಲ್ಲೂ ಹಾಗೇ ಕಾಣುತ್ತಂತೆ. ಬರ್ಕೊಳ್ಳಿ."

ಆ ಕಡೆ ಪುಟ ತಿರುಗಿಸಿದ ಸದ್ದು. ಮತ್ತೆ "ಬರ್ಕೊಂಡೆ ಬಿಡಿ ತಾಯಿ" ಎಂಬ ಮಾತು ಬಂತು. ಫೋನಿಟ್ಟೆ. ಇವರು ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದರು.

"ಹೇಳ್ಬಿಟ್ಯಾ?"

"ಹೇಳ್ಬಿಟ್ಟೆ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನಾನೂ ಬೈಯಬಹುದಿತ್ತು. ಅವರು ಚಪ್ಪಲಿಯನ್ನು ಕೆಳಗಿಟ್ಟು ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ನೋಡಿದರು. ಮೊದಲು ನನ್ನನ್ನು, ಆಮೇಲೆ ನನ್ನ ಪಕ್ಕದ ಖಾಲಿ ಗೋಡೆಯನ್ನು, ಮತ್ತೆ ನನ್ನನ್ನು.

"ಹತ್ತಿರ ಬಾ," ಎಂದರು. "ದೂರ ನಿಂತ್ರೆ ಇಬ್ಬರಾಗ್ತೀಯ. ಹತ್ತಿರ ಬಂದ್ರೆ ಒಬ್ಬಳೇ ಇರ್ತೀಯ."

ನಾನು ಸ್ಟೂಲು ಎಳೆದುಕೊಂಡು ಅವರ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತೆ. ಅಳು ಬಂತು, ಅತ್ತುಬಿಟ್ಟೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಸ್ಪತ್ರೆ ತೆರೆಯುವುದಕ್ಕೆ ಇನ್ನೂ ಹೊತ್ತಿತ್ತು.